ಮಡಿಚಿಡಬಲ್ಲ ದೇಗುಲ: ಗುಜರಾತಿನ ‘ಮಾತಾನಿ ಪಛೇಡಿ’

ದೇವಾಲಯದ ಬಾಗಿಲು ಮುಚ್ಚಿದ್ದರೆ ಭಕ್ತನಾದವನು ಏನು ಮಾಡಬೇಕು? ಗುಜರಾತಿನ ವಾಘರಿ ಜನಾಂಗದವರು ಈ ಪ್ರಶ್ನೆಗೆ ಬಟ್ಟೆಯೊಂದರಿಂದ ಉತ್ತರವಿತ್ತರು. ಜಾತಿಶ್ರೇಣಿಯಲ್ಲಿ ಕೆಳಗಿಡಲ್ಪಟ್ಟ ಈ ಅಲೆಮಾರಿಗಳಿಗೆ ಮೇಲಿನವರ ಗುಡಿಗಳಲ್ಲಿ ಪ್ರವೇಶವಿರಲಿಲ್ಲವೆಂದೂ, ಆದುದರಿಂದ ಅವರು ದೇವಿಯನ್ನು ಬಟ್ಟೆಯ ಮೇಲೆ ಬರೆದು ಅದನ್ನೇ ಕಟ್ಟಿ ಗುಡಿಯಾಗಿಸಿಕೊಂಡರೆಂದೂ ಪರಂಪರೆಯು ಹೇಳುತ್ತದೆ. ಅಹಮದಾಬಾದಿನ ಚಿತಾರಾ ಮನೆತನಗಳು ಉಳಿಸಿಕೊಂಡು ಬಂದಿರುವ ಈ ಕಲೆಗೆ ‘ಮಾತಾನಿ ಪಛೇಡಿ’ ಎಂದು ಹೆಸರು. ಅರ್ಥಾತ್, ತಾಯಿಯ ಹಿಂದೆ ಕಟ್ಟುವ ವಸ್ತ್ರ. ಮೇಲ್ಕಟ್ಟಾಗಿ ಬಳಸುವುದು ‘ಚಂದರವೋ’.

ಬಟ್ಟೆಯನ್ನು ಮೊದಲು ಅಳಲೆಕಾಯಿಯ ನೀರಿನಲ್ಲಿ ಅದ್ದಿ ಒಣಗಿಸುವರು. ತುಕ್ಕುಹಿಡಿದ ಕಬ್ಬಿಣವನ್ನೂ ಬೆಲ್ಲವನ್ನೂ ಕೊಳೆಯಿಸಿ ತೆಗೆದ ರಸದಿಂದ ಕಪ್ಪುರೇಖೆ ಮೂಡುತ್ತದೆ. ಪಟಿಕ ಹಚ್ಚಿದ ಎಡೆಗಳು ಬಣ್ಣದ ಹಂಡೆಯಲ್ಲಿ ಕುದಿದಾಗ ಕೆಂಪೇರುತ್ತವೆ. ಬಿಳುಪು ಬಟ್ಟೆಯದೇ. ಹೆಚ್ಚಿನ ಬಣ್ಣವು ಬೇರೆಡೆಗೆ ಹತ್ತದಂತೆ ಹರಿಯುವ ನೀರಿನಲ್ಲಿ ತೊಳೆಯಬೇಕಾದುದರಿಂದ ಸಾಬರಮತಿಯ ದಡವೇ ಇವರ ಕಾರ್ಯಾಗಾರವಾಯಿತು.

ಚಿತ್ರದ ನಡುವೆ ಗುಡಿಯೊಳಗಿನ ದೇವಿ. ಸುತ್ತಲೂ ಸಾಲುಸಾಲಾಗಿ ಭಕ್ತರು, ಪ್ರಾಣಿಗಳು, ಕಥಾಪ್ರಸಂಗಗಳು. ಬಹುಚರಾ ಕೋಳಿಯನ್ನೂ, ಖೋಡಿಯಾರ್ ಮೊಸಳೆಯನ್ನೂ, ಮೇಲಡಿ ಕರಿಯ ಹೋತವನ್ನೂ, ಹಡಕಾಯಿ ನಾಯಿಯನ್ನೂ ಏರಿದ್ದಾರೆ. ಲೋಕವು ಕೀಳೆಂದು ಬಗೆದ ಪ್ರಾಣಿಗಳಿಗೂ ಇಲ್ಲಿ ಪೂಜೆಯ ಮಧ್ಯದಲ್ಲಿ ಸ್ಥಾನವುಂಟು. ಶ್ರೇಣಿಯನ್ನು ನಿರಾಕರಿಸುವ ಮಾತು ಇದಕ್ಕಿಂತ ಸ್ಪಷ್ಟವಾಗಿ ರೇಖೆಯಲ್ಲಿ ಮೂಡುವುದು ವಿರಳ.

ಅದೇ ಅಹಮದಾಬಾದಿನಲ್ಲಿ ಇನ್ನೊಂದು ಬಗೆಯ ಪ್ರತಿರೋಧವೂ ನಡೆಯಿತು. ಸ್ವಾಮಿನಾರಾಯಣ ಸಂಪ್ರದಾಯದ ಗುಡಿಗಳಿಗೆ ದಲಿತರ ಪ್ರವೇಶದ ವ್ಯಾಜ್ಯವು 1948ರಲ್ಲಿ ಆರಂಭವಾಗಿ, ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ತಮ್ಮ ಪಂಥವು ಹಿಂದೂ ಧರ್ಮದಿಂದ ಬೇರೆಯೆಂಬ ಸತ್ಸಂಗಿಗಳ ವಾದವನ್ನು ನ್ಯಾಯಾಲಯವು 1966ರಲ್ಲಿ ತಳ್ಳಿಹಾಕಿತು. ಕಾನೂನು ಬಾಗಿಲನ್ನು ತೆರೆಯಿಸಿತು. ಬಟ್ಟೆಯಾದರೋ ಆ ಬಾಗಿಲಿನ ಹಂಗನ್ನೇ ತೊರೆದಿತ್ತು. ಎರಡನೆಯದನ್ನು ಹೊಗಳುವ ಭರದಲ್ಲಿ ಮೊದಲನೆಯದನ್ನು ಅನವಶ್ಯಕವೆಂದು ತಿಳಿಯಲಾಗದು. ಸ್ವಂತ ಗುಡಿಯಿದ್ದಮಾತ್ರಕ್ಕೆ ಅನ್ಯರ ನಿಷೇಧವು ನ್ಯಾಯವಾಗುವುದಿಲ್ಲ.

ಹನ್ನೆರಡನೆಯ ಶತಮಾನದ ಶರಣರು ದೇಹವನ್ನೇ ದೇಗುಲವೆಂದುದನ್ನು ಬಲ್ಲ ಕನ್ನಡಿಗರಿಗೆ ಈ ಜಂಗಮ ದೇಗುಲವು ಪರಕೀಯವಾಗಿ ತೋರದು. 2023ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ, ಕಲಾವಿದ ಭಾನುಭಾಯಿ ಚಿತಾರಾ ಅವರಿಗೆ ಪದ್ಮಶ್ರೀಯೂ ದೊರೆತವು. ಪಛೇಡಿಯು ಈಗ ವಸ್ತುಸಂಗ್ರಹಾಲಯಗಳಿಗೂ ಸಿರಿವಂತರ ಪಡಸಾಲೆಗಳಿಗೂ ಏರಿದೆ. ಬಟ್ಟೆಗೆ ಗೋಡೆಯ ಮೇಲೆ ದೊರೆತ ಸ್ಥಾನವು ಅದನ್ನು ಬರೆದವರಿಗೆ ಆ ಮನೆಯ ಒಳಗೂ ದೊರೆಯುವುದೇ ಎಂಬುದರಿಂದಲೇ ಈ ಮನ್ನಣೆಯನ್ನು ಅಳೆಯಬೇಕಾಗಿದೆ.