ಗಾಜಿನ ಮನೆಯ ನೀಳದಂಟಿನ ಗುಲಾಬಿ

ನಮ್ಮ ಮನೆಯಲ್ಲಿ ಗುಲಾಬಿಗೆ ದಂಟು ಬೇಕಿರಲಿಲ್ಲ. ಅಮ್ಮ ಎರಡು ಬೆರಳಗಲದ ತೊಟ್ಟು ಬಿಟ್ಟು ಹೂವನ್ನು ಚಿವುಟಿ ಜಡೆಗೋ ದೇವರ ಪಟಕ್ಕೋ ಇಡುತ್ತಿದ್ದಳು. ಆಕೆ ತೀರಿಕೊಂಡ ಮೇಲೆ, ಮಾಘ ಬಹುಳದ ತಿಥಿಗೆ ಅಂಗಡಿಯ ಹೂವು ತರಲು ಮನಸ್ಸೊಪ್ಪದೆ, ಬರ್ಮಿಂಗ್‌ಹ್ಯಾಮಿನ ಹಿತ್ತಿಲಲ್ಲಿ ಪುಟ್ಟ ಗಾಜಿನ ಮನೆ ಕಟ್ಟಿಸಿದೆ. ದಂಟು ಎರಡಡಿ ಇರಲೆಂದದ್ದು ನನ್ನ ಹಮ್ಮು.

ಮೊದಲ ಚಳಿಗಾಲ ಹೀಟರಿಗೆ ಹಣ ಸುರಿದೆ. ರಾತ್ರಿ 16 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಂಡರೂ ಚಿಗುರುಗಳು ಮೊಗ್ಗು ಬಿಡದೆ ನಿಂತವು. ಬೆಳೆಗಾರರು ಅವನ್ನು ಕುರುಡು ಚಿಗುರೆನ್ನುತ್ತಾರೆ. ಡಿಸೆಂಬರಿನಲ್ಲಿ ಇಲ್ಲಿ ಹಗಲು ಎಂಟು ಗಂಟೆಯೂ ಇರದು. ಗಿಡ ಹಸಿದದ್ದು ಬೆಳಕಿಗೆ, ನಾನು ಚಿಕಿತ್ಸೆ ಮಾಡಿದ್ದು ಚಳಿಗೆ.

ಮರುವರ್ಷ ದೀಪ ಹಾಕಿಸಿದೆ. ಬಡಕಲು ಚಿಗುರುಗಳನ್ನು ಕತ್ತರಿಸದೆ ಬುಡದ ಬಳಿ ಬಾಗಿಸಿ ಮಲಗಿಸಿದೆ. ಅವುಗಳ ಎಲೆಗಳು ಗಿಡಕ್ಕೆ ಆಹಾರ ಒದಗಿಸುತ್ತಿರಲು, ಬುಡದಿಂದ ದಪ್ಪ ಚಿಗುರು ನೆಟ್ಟಗೆ ಏಳುತ್ತದೆ. ಅದರ ಪಕ್ಕದ ಮೊಗ್ಗುಗಳನ್ನು ಎಳೆಯದಿರುವಾಗಲೇ ಚಿವುಟಬೇಕು. ತಡವಾದರೆ ದಂಟಿನ ಮೇಲೆ ಕಲೆ ಉಳಿಯುತ್ತದೆ. ಗಾಳಿಯಾಡದಿದ್ದರೆ ಬೂದಿ ರೋಗ, ಆದ್ದರಿಂದ ಸಣ್ಣ ಫ್ಯಾನೊಂದು ಸದಾ ತಿರುಗುತ್ತಿರುತ್ತದೆ. ಕೈಗವಸು ಮರೆಯಲಾಗದು: ಮುಳ್ಳು ಚುಚ್ಚಿದ ಗಾಯದಿಂದ ಸ್ಪೋರೋಟ್ರೈಕೋಸಿಸ್ ಎಂಬ ಶಿಲೀಂಧ್ರ ಸೋಂಕು ಚರ್ಮವನ್ನು ಹೊಗಬಹುದು.

ಕತ್ತರಿ ಹಾಕಿದಲ್ಲಿಂದ ಹೂವಿಗೆ ಆರರಿಂದ ಎಂಟು ವಾರ. ಅದರಂತೆ ದಿನ ಎಣಿಸಿ, ಐದು ಕಿರುಎಲೆಗಳಿದ್ದ ಗಿಣ್ಣಿನ ಮೇಲೆ ಕತ್ತರಿಸಿದ್ದೆ. ತಿಥಿಯ ಬೆಳಿಗ್ಗೆ ನಾಲ್ಕು ಹೂವು ಸಿಕ್ಕವು. ಮೂರನ್ನು ಎತ್ತರದ ಹೂದಾನಿಯಲ್ಲಿ ನಿಲ್ಲಿಸಿದೆ. ನಾಲ್ಕನೆಯದನ್ನು ಎರಡು ಬೆರಳಗಲದ ತೊಟ್ಟು ಬಿಟ್ಟು ಕತ್ತರಿಸಿ ಅಮ್ಮನ ಪಟಕ್ಕೆ ಇಟ್ಟೆ.