ಮುಟ್ಟಿನ ನೋವೂ ಬೀಡಿಯ ಹೊಗೆಯೂ

ಮುಟ್ಟಿನ ಮೊದಲೆರಡು ದಿನ ಕಿಬ್ಬೊಟ್ಟೆಯಲ್ಲಿ ಅಲ್ಪಸ್ವಲ್ಪ ನೋವು ಕಾಣಿಸಿಕೊಳ್ಳುವುದು ಅನೇಕ ಸ್ತ್ರೀಯರಲ್ಲಿ ಸಹಜ. ಬಿಸಿನೀರಿನ ಸ್ನಾನ, ಕೊಂಚ ವಿಶ್ರಾಂತಿ ದೊರೆತರೆ ಅದು ತಾನಾಗಿಯೇ ಶಮನವಾಗುತ್ತದೆ. ಆದರೆ ಪ್ರತಿ ತಿಂಗಳೂ ಹಾಸಿಗೆ ಹಿಡಿಸುವ ನೋವು, ಮುಟ್ಟಿಗೆ ಎರಡು ಮೂರು ದಿನ ಮೊದಲೇ ಆರಂಭವಾಗಿ ಸೊಂಟ ತೊಡೆಗಳಿಗೆ ಇಳಿಯುವ ನೋವು, ಆ ದಿನಗಳಲ್ಲಿ ಮಲವಿಸರ್ಜನೆಯ ವೇಳೆ ಚುಚ್ಚಿದಂತಾಗುವ ನೋವು, ದಾಂಪತ್ಯ ಸಂಪರ್ಕದ ಸಮಯದಲ್ಲಿ ಆಳದಲ್ಲಿ ಉಂಟಾಗುವ ನೋವು, ಇವು ಸಹಜವಲ್ಲ. ಹೆಣ್ಣಾಗಿ ಹುಟ್ಟಿದ ಮೇಲೆ ಇದನ್ನೆಲ್ಲ ಸಹಿಸಲೇಬೇಕೆಂದು ಮನೆಯ ಹಿರಿಯರು ಹೇಳಿರಬಹುದು. ವೈದ್ಯಶಾಸ್ತ್ರ ಹಾಗೆ ಹೇಳುವುದಿಲ್ಲ. ಇಂಥ ನೋವಿಗೆ ಎಂಡೊಮೆಟ್ರಿಯೋಸಿಸ್ ಎಂಬ ರೋಗ ಕಾರಣವಾಗಿರಬಹುದು.

ಗರ್ಭಕೋಶದ ಒಳಮೈಗೆ ಮೃದುವಾದ ಒಂದು ಪದರವಿರುತ್ತದೆ. ಪ್ರತಿ ತಿಂಗಳೂ ಅದು ಬೆಳೆದು, ಗರ್ಭ ನಿಲ್ಲದಿದ್ದಾಗ ಕಳಚಿ, ರಕ್ತದೊಡನೆ ಹೊರಬೀಳುತ್ತದೆ. ಇದೇ ಮುಟ್ಟು. ಕೆಲವು ಸ್ತ್ರೀಯರಲ್ಲಿ ಈ ಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೂ ಬೆಳೆಯುತ್ತದೆ. ಅಂಡಾಶಯದ ಮೇಲೆ, ಅಂಡನಾಳಗಳ ಸುತ್ತ, ಗರ್ಭಕೋಶದ ಹಿಂಬದಿಯಲ್ಲಿ, ಮೂತ್ರಕೋಶ ಮತ್ತು ಕರುಳಿನ ಬಳಿಯಲ್ಲಿ ಅದು ಕಾಣಿಸಿಕೊಳ್ಳಬಹುದು. ಅದೂ ತಿಂಗಳಿಗೊಮ್ಮೆ ಊದಿಕೊಳ್ಳುತ್ತದೆ, ರಕ್ತ ಒಸರುತ್ತದೆ. ಆದರೆ ಆ ರಕ್ತಕ್ಕೆ ಹೊರಹೋಗುವ ದಾರಿಯಿಲ್ಲ. ಹೀಗಾಗಿ ಅಲ್ಲಿ ಉರಿಯೂತವುಂಟಾಗಿ, ಕ್ರಮೇಣ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದುಂಟು. ಕೆಲವರಿಗೆ ಗರ್ಭಧಾರಣೆಯೂ ಕಷ್ಟವಾಗುತ್ತದೆ. ಪ್ರಸವಯೋಗ್ಯ ವಯಸ್ಸಿನ ಪ್ರತಿ 10 ಸ್ತ್ರೀಯರಲ್ಲಿ ಸುಮಾರು ಒಬ್ಬರಿಗೆ ಈ ರೋಗವಿದೆಯೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದು ಅಂಟುರೋಗವಲ್ಲ, ಯಾರ ನಡತೆಯ ಫಲವೂ ಅಲ್ಲ.

ಈಗ ಬೀಡಿಯ ವಿಚಾರಕ್ಕೆ ಬರೋಣ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಆಕೆಗೆ 36 ವರ್ಷ. ಒಬ್ಬ ಮಗ ಹುಟ್ಟಿದ ಮೇಲೆ ಮತ್ತೆ ಗರ್ಭ ನಿಂತಿರಲಿಲ್ಲ. ಮುಟ್ಟಿನ ನೋವನ್ನು ಕುರಿತು ಆಕೆ ಹೇಳಿದ್ದು ನಾಲ್ಕೇ ಮಾತು. ಗಂಡ ಚೀಟಿ ಮಾಡಿಸಲು ಹೊರಗೆ ಹೋದಾಗ ಮಾತ್ರ ನಮ್ಮ ಆರೋಗ್ಯ ಸಹಾಯಕಿಯ ಬಳಿ, "ಅವರ ಕಟ್ಟಿನಿಂದ ಒಂದು ಬೀಡಿ ತೆಗೆದು ಹಿತ್ತಿಲಲ್ಲಿ ಸೇದುತ್ತೇನಮ್ಮ, ಆಗ ಹೊಟ್ಟೆ ಹಿಂಡುವುದು ಸ್ವಲ್ಪ ಮರೆಯುತ್ತದೆ" ಎಂದು ಒಪ್ಪಿಕೊಂಡರು. ಇದನ್ನು ಕೇಳಿ ನಾನು ಮಾಡಿದ್ದು ತಪ್ಪು. ಧೂಮಪಾನದ ಕೆಡುಕುಗಳನ್ನು ಕುರಿತು ಹತ್ತು ನಿಮಿಷ ಉಪದೇಶ ಮಾಡಿ, ಬೀಡಿ ಬಿಟ್ಟು ಬನ್ನಿ ಎಂದು ಕಳುಹಿಸಿದೆ. ನೋವಿಗೆ ಏನನ್ನೂ ಕೊಡಲಿಲ್ಲ. ಆಕೆ ಮೂರು ತಿಂಗಳು ಇತ್ತ ತಲೆ ಹಾಕಲಿಲ್ಲ.

ಆಕೆ ಹೇಳಿದ್ದು ಸುಳ್ಳಲ್ಲ. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲೇ ನಿಕೋಟಿನ್ ಎಂಬ ವಸ್ತು ಮೆದುಳನ್ನು ಮುಟ್ಟುತ್ತದೆ. ಅದಕ್ಕೆ ನೋವನ್ನು ಕ್ಷಣಕಾಲ ಮಬ್ಬಾಗಿಸುವ ಗುಣವುಂಟು. ಆದರೆ ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಆಗ ಚಡಪಡಿಕೆ, ಸಿಡುಕು, ಬೇಸರಗಳು ತಲೆದೋರಿ, ಶರೀರಕ್ಕೆ ನೋವು ಮೊದಲಿಗಿಂತ ಹೆಚ್ಚಾಗಿ ತಟ್ಟುತ್ತದೆ. ಮತ್ತೊಂದು ಬೀಡಿ ಹಚ್ಚಿದೊಡನೆ ಆ ಚಡಪಡಿಕೆ ಅಡಗುತ್ತದೆ. ಮುಟ್ಟಿನ ನೋವೇ ಅಡಗಿತೆಂದು ಮನಸ್ಸು ತಿಳಿಯುತ್ತದೆ. ಸಾಲ ತೀರಿಸಲು ಅದೇ ಸಾಹುಕಾರನ ಬಳಿ ಮತ್ತೆ ಸಾಲ ತಂದಂತೆ ಇದು. ಬೀಡಿಯಂತೂ ಪದೇಪದೇ ಆರುವುದರಿಂದ ಬಲವಾಗಿ, ಹೆಚ್ಚು ಸಲ ಎಳೆಯಬೇಕಾಗುತ್ತದೆ. ಸಿಗರೇಟಿಗಿಂತ ಅದು ಸೌಮ್ಯವೆಂಬ ನಂಬಿಕೆ ಸರಿಯಲ್ಲ. ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕಿಕೊಳ್ಳುವ ಸೋದರಿಯರೂ ತಮಗೆ ಇದು ಸಂಬಂಧಿಸಿಲ್ಲವೆಂದು ಪುಟ ಮಗುಚಬಾರದು. ಅಲ್ಲಿಯೂ ಇರುವುದು ಅದೇ ನಿಕೋಟಿನ್; ಜೊತೆಗೆ ಬಾಯಿಯ ಕ್ಯಾನ್ಸರಿನ ಭಯ ಬೇರೆ.

ನಿಕೋಟಿನ್ ರಕ್ತನಾಳಗಳನ್ನು ಕಿರಿದುಗೊಳಿಸುತ್ತದೆ. ಮುಟ್ಟಿನಲ್ಲಿ ಗರ್ಭಕೋಶ ಹಿಂಡಿಕೊಳ್ಳುವಾಗ ಅದಕ್ಕೆ ರಕ್ತ ಸಾಲದೆ ಬರುವುದೇ ನೋವಿನ ಒಂದು ಮುಖ್ಯ ಕಾರಣ. ಹೊಗೆ ಆ ಕೊರತೆಯನ್ನು ಇನ್ನಷ್ಟು ಹೆಚ್ಚಿಸಬಲ್ಲದು. ಧೂಮಪಾನ ಮಾಡುವ ಸ್ತ್ರೀಯರಲ್ಲಿ ಮುಟ್ಟಿನ ನೋವು ಹೆಚ್ಚೆಂದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ.

ಇಲ್ಲಿ ಮನೆಯ ಯಜಮಾನರು ಗಮನವಿಟ್ಟು ಓದಬೇಕು. ಚೀನಾ ದೇಶದ ಶೆನ್ಯಾಂಗ್ ನಗರದ ನವವಿವಾಹಿತ ಸ್ತ್ರೀಯರನ್ನು ಕುರಿತ ಒಂದು ಅಧ್ಯಯನ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಅವರಾರೂ ಧೂಮಪಾನ ಮಾಡುವವರಲ್ಲ. ಆದರೂ ಮನೆಯಲ್ಲಿ ಇತರರು ಸೇದಿದ ಹೊಗೆಯನ್ನು ಹೆಚ್ಚು ಉಸಿರಾಡಿದವರಲ್ಲಿ ಮುಟ್ಟಿನ ನೋವು ಹೆಚ್ಚಾಗಿ ಕಂಡುಬಂದಿತು. ನೀವು ಜಗಲಿಯಲ್ಲಿ ಕುಳಿತು ಸೇದುವ ಬೀಡಿ ನಿಮ್ಮದಷ್ಟೇ ಅಲ್ಲ. ಒಳಗೆ ಹೊಟ್ಟೆ ಹಿಡಿದು ಮಲಗಿರುವವರ ಪಾಲಿಗೂ ಅದರಲ್ಲಿ ಭಾಗವಿದೆ.

ಧೂಮಪಾನದಿಂದ ಸ್ತ್ರೀ ಹಾರ್ಮೋನು ತಗ್ಗುತ್ತದೆ, ಆದ್ದರಿಂದ ಈ ರೋಗಕ್ಕೆ ಅದು ಒಳ್ಳೆಯದೇ ಎಂಬ ಮಾತನ್ನೂ ಕೆಲವರು ಆಡುತ್ತಾರೆ. ಹಿಂದಿನ ಕೆಲವು ಅಧ್ಯಯನಗಳು ಅಂಥ ಸೂಚನೆ ಕೊಟ್ಟಿದ್ದವು, ನಿಜ. ಅನಂತರ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಅಂಥ ರಕ್ಷಣೆಯೇನೂ ಕಂಡುಬರಲಿಲ್ಲ. ಮಕ್ಕಳನ್ನು ಬಯಸುವವರು ಇನ್ನೊಂದು ಸಂಗತಿ ತಿಳಿದಿರಬೇಕು: ಧೂಮಪಾನ ಅಂಡಾಶಯದ ಶಕ್ತಿಯನ್ನು ಬೇಗ ಕುಗ್ಗಿಸುತ್ತದೆ, ಪುರುಷರ ವೀರ್ಯವನ್ನೂ ಕೆಡಿಸುತ್ತದೆ.

ಇವೆಲ್ಲಕ್ಕಿಂತ ನನಗೆ ಹೆಚ್ಚಿನದೆಂದು ತೋರುವ ನಷ್ಟವೊಂದಿದೆ. ಬೀಡಿಯು ಚಿಕಿತ್ಸೆಯ ಬಾಗಿಲನ್ನೇ ಮುಚ್ಚುತ್ತದೆ. ಎಂಡೊಮೆಟ್ರಿಯೋಸಿಸ್ ರೋಗವನ್ನು ಬುಡಸಹಿತ ಕಿತ್ತುಹಾಕುವ ಔಷಧಿ ಇಲ್ಲ. ಆದರೆ ನೋವನ್ನು ಹತೋಟಿಯಲ್ಲಿಡಬಹುದು. ಇದಕ್ಕೆ ಬಳಸುವ ಔಷಧಿಗಳಲ್ಲಿ ಸಂತಾನ ನಿಯಂತ್ರಣದ ಗುಳಿಗೆಯೂ ಒಂದು. ಸರ್ಕಾರ ಉಚಿತವಾಗಿ ವಿತರಿಸುವ ಮಾಲಾ-ಎನ್ ಈ ಬಗೆಯದೇ. ಆದರೆ 35 ವರ್ಷ ದಾಟಿದ, ಧೂಮಪಾನ ಮಾಡುವ ಸ್ತ್ರೀಗೆ ಈ ಗುಳಿಗೆಯನ್ನು ಕೊಡಬಾರದು. ಇವೆರಡೂ ಸೇರಿದರೆ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಹೆಚ್ಚುತ್ತದೆ. ಆದುದರಿಂದ ಗುಳಿಗೆ ಕೇಳುವಾಗ ಬೀಡಿಯ ವಿಷಯವನ್ನು ಮರೆಮಾಚಬೇಡಿ. ಅದನ್ನು ಗುಟ್ಟಾಗಿಡುವುದು ನಮ್ಮ ಕರ್ತವ್ಯ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರಾ ಚುಚ್ಚುಮದ್ದಿಗೆ ಈ ನಿರ್ಬಂಧವಿಲ್ಲ. 2017ರಿಂದ ಅದು ಸರ್ಕಾರದ ಕುಟುಂಬ ಕಲ್ಯಾಣ ಕಾರ್ಯಕ್ರಮದಲ್ಲಿ ಸೇರಿದೆ. ಅದನ್ನು ನಿಲ್ಲಿಸಿದ ಮೇಲೆ ಗರ್ಭ ನಿಲ್ಲುವುದು ಕೆಲವು ತಿಂಗಳು ತಡವಾಗುವುದರಿಂದ, ಬೇಗನೆ ಮಗು ಬೇಕೆನ್ನುವವರಿಗೆ ತಕ್ಕದ್ದಲ್ಲ. ತಾಮ್ರದ ವಂಕಿಯಾದರೋ ಕೆಲವರಲ್ಲಿ ಮುಟ್ಟಿನ ಸ್ರಾವವನ್ನೂ ನೋವನ್ನೂ ಹೆಚ್ಚಿಸುತ್ತದೆ.

ಔಷಧಿಗಳಿಂದ ಗುಣ ಕಾಣದಿದ್ದರೆ ಲ್ಯಾಪರೊಸ್ಕೋಪ್ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಸಂತಾನಶಕ್ತಿಹರಣ ಶಿಬಿರಗಳಲ್ಲಿ ಹೆಸರು ಕೇಳಿರುವ ಅದೇ ಉಪಕರಣದಿಂದ ಹೊಟ್ಟೆಯ ಒಳಭಾಗವನ್ನು ನೋಡಿ, ರೋಗದ ಅಂಗಾಂಶವನ್ನು ತೆಗೆಯುತ್ತಾರೆ. ಅದಕ್ಕೆ ಕನಿಷ್ಠ 4 ವಾರ ಮೊದಲೇ ಧೂಮಪಾನ ನಿಲ್ಲಿಸಿದವರಲ್ಲಿ ಅರಿವಳಿಕೆಯ ತೊಡಕುಗಳು ಕಡಿಮೆ, ಗಾಯವೂ ಚೆನ್ನಾಗಿ ಮಾಯುತ್ತದೆ. ನೋವೆಂದೊಡನೆ ಗರ್ಭಕೋಶವನ್ನೇ ತೆಗೆಸಿಬಿಡಿ ಎಂದು ಯಾರಾದರೂ ಅವಸರಪಡಿಸಿದರೆ, ಮತ್ತೊಬ್ಬ ತಜ್ಞರನ್ನು ಕಾಣದೆ ಒಪ್ಪಬೇಡಿ. ರೋಗವಿರುವುದು ಗರ್ಭಕೋಶದ ಹೊರಗೆ. ಅದು ಅಲ್ಲೇ ಉಳಿದು ನೋವು ಮುಂದುವರಿಯಬಹುದು.

ಬೀಡಿ ಬಿಡುವುದು ಹೇಗೆ? ಮೊದಲು ನೋವಿಗೆ ಚಿಕಿತ್ಸೆಯಾಗಬೇಕು. ನೋವನ್ನು ಹಾಗೆಯೇ ಬಿಟ್ಟು ಬೀಡಿಯನ್ನು ಮಾತ್ರ ಕಸಿದುಕೊಳ್ಳುವುದು ಕ್ರೌರ್ಯ. ಅದು ಫಲಿಸುವುದೂ ಇಲ್ಲ. ಐಬುಪ್ರೊಫೆನ್ ಅಥವಾ ಮೆಫೆನಮಿಕ್ ಆಮ್ಲದ ಮಾತ್ರೆಯನ್ನು ವೈದ್ಯರ ಸಲಹೆಯಂತೆ, ಊಟವಾದ ಮೇಲೆ, ನೋವು ಮೊಳೆಯುತ್ತಿರುವಾಗಲೇ ತೆಗೆದುಕೊಂಡರೆ ಹೆಚ್ಚು ಗುಣ. ಹೊಟ್ಟೆಹುಣ್ಣು, ಮೂತ್ರಪಿಂಡದ ರೋಗ, ಉಬ್ಬಸ ಇರುವವರೂ ಗರ್ಭಿಣಿಯರೂ ಇವನ್ನು ತಾವಾಗಿ ನುಂಗಬಾರದು. ಕಿಬ್ಬೊಟ್ಟೆಗೆ ಬಿಸಿನೀರಿನ ಶಾಖ ಕೊಡುವುದು ಹಳೆಯ ಪದ್ಧತಿಯಾದರೂ ನಿಜವಾಗಿ ಉಪಯುಕ್ತ.

ಬಿಡುವ ದಿನವನ್ನು ಮುಟ್ಟು ನಿಂತ ಮಾರನೆಯ ದಿನಕ್ಕೆ ಇಟ್ಟುಕೊಳ್ಳಿರೆಂದು ನನ್ನ ಸಲಹೆ. ಚಡಪಡಿಕೆ ಮೊದಲ ಎರಡು ಮೂರು ದಿನ ತೀವ್ರವಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಮುಂದಿನ ಮುಟ್ಟು ಬರುವ ವೇಳೆಗೆ ಅತಿ ಕಷ್ಟದ ದಿನಗಳು ಕಳೆದಿರುತ್ತವೆ. ಸೇದಬೇಕೆಂಬ ಆಸೆ ಅಲೆಯಂತೆ ಬಂದು ಕೆಲವೇ ನಿಮಿಷಗಳಲ್ಲಿ ಹಿಂದೆ ಸರಿಯುತ್ತದೆ. ಆಗ ನೀರು ಕುಡಿಯುವುದು, ಬಾಯಿಗೆ ಸೋಂಪು ಹಾಕಿಕೊಳ್ಳುವುದು, ಎದ್ದು ನಾಲ್ಕು ಹೆಜ್ಜೆ ನಡೆಯುವುದು ಸಾಕಾಗುತ್ತದೆ. ಸಾಲದಿದ್ದವರಿಗೆ ಔಷಧಿ ಅಂಗಡಿಗಳಲ್ಲಿ ನಿಕೋಟಿನ್ ಚೂಯಿಂಗ್ ಗಮ್ ದೊರೆಯುತ್ತದೆ. ಅದನ್ನು ಬಳಸುವ ಕ್ರಮವನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿಯಿರಿ. ತಂಬಾಕು ಬಿಡುವವರಿಗೆ ನೆರವಾಗುವ ರಾಷ್ಟ್ರೀಯ ಉಚಿತ ದೂರವಾಣಿ 1800-11-2356. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಬಿಟ್ಟ ಮೇಲೆ ಒಮ್ಮೆ ಎಡವಿ ಸೇದಿದರೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು; ಮರುದಿನದಿಂದ ಮತ್ತೆ ಬಿಡಬಹುದು.

ಆ ದಂಪತಿಗಳ ವಿಷಯ ಹೇಳಿ ಮುಗಿಸುತ್ತೇನೆ. ನಮ್ಮ ಊರಿನ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಕರೆತಂದರು. ಈ ಸಲ ಮೊದಲು ನೋವಿನ ಮಾತ್ರೆ ಕೊಟ್ಟು, ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಗೆ ಚೀಟಿ ಬರೆದೆ. ಅವರು ಎಂಡೊಮೆಟ್ರಿಯೋಸಿಸ್ ಇರಬೇಕೆಂದು ಅಭಿಪ್ರಾಯಪಟ್ಟು ಅಂತರಾ ಆರಂಭಿಸಿದರು. ಗಂಡನನ್ನು ಎದುರಿಗೆ ಕೂಡಿಸಿಕೊಂಡು, ಬೀಡಿ ಕಟ್ಟು ಹೊಸಿಲು ದಾಟಬಾರದೆಂದು ಮಾತ್ರ ಕೇಳಿದೆ. ಆತ ಈಗಲೂ ಹೋಟೆಲಿನ ಬಳಿ ದಿನಕ್ಕೆರಡು ಸೇದುತ್ತಾರೆ. ಅದನ್ನು ನನ್ನಿಂದ ಮುಚ್ಚಿಡುವುದಿಲ್ಲ. ಆಕೆ ಸೇದದೆ ಐದು ತಿಂಗಳಾಯಿತು. ನೋವು ಪೂರ್ತಿ ಹೋಗಿಲ್ಲ, ಆದರೆ ಮುಟ್ಟಿನ ದಿನಗಳಲ್ಲೂ ಕಳೆ ಕೀಳಲು ಹೋಗುವಷ್ಟು ತಗ್ಗಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ನೋವಿದ್ದ ದಿನಕ್ಕೆ ಒಂದು ಗೀಟು, ಕೆಲಸ ಬಿಟ್ಟು ಮಲಗಿದ ದಿನಕ್ಕೆ ಎರಡು ಗೀಟು ಹಾಕಿ ತರುತ್ತಾರೆ. ನೀವೂ ಮೂರು ತಿಂಗಳು ಹೀಗೆ ಗುರುತು ಮಾಡಿ, ಆ ಹಾಳೆಗಳೊಡನೆ ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಬನ್ನಿ. ನಮಗೆ ಅದರಿಂದ ಬಹಳ ತಿಳಿಯುತ್ತದೆ.