ಇಲಿ ಓಡಿಸೋ ಮನೆಗೆ ಸಾಕು ಇಲಿ ಬಂದಾಗ

ಎಳನೀರಿನ ಗೊನೆ ಕೊರೆಯೋ ಇಲಿ, ರಾಗಿ ಚೀಲ ಕತ್ತರಿಸೋ ಇಲಿ, ಹನಿ ನೀರಾವರಿ ಪೈಪಿಗೆ ಹಲ್ಲು ಹಾಕೋ ಇಲಿ. ನಮ್ಮ ತೋಟದಲ್ಲಿ ಇವುಗಳ ಕಾಟ ಹೇಳಿ ಮುಗಿಯೋದಿಲ್ಲ. ಗೂಬೆ ಬಂದು ಕೂರಲಿ ಅಂತ ಹೊಲದಲ್ಲಿ ಟಿ ಆಕಾರದ ಕೋಲು ನೆಟ್ಟವಳು ನಾನು. ಅಂಥವಳ ಮುಂದೆ ಒಂದು ದಿನ ಎಂಟು ವರ್ಷದ ಮಗಳು ಬಂದು, "ಅಮ್ಮ, ನಂಗೆ ಬಿಳಿ ಇಲಿ ಬೇಕು" ಅಂದಳು. "ಇರೋ ಇಲಿ ಸಾಲದೇನೆ ನಿಮಗೆ?" ಅಂತ ಅತ್ತೆ ನಕ್ಕರು.

ಕೊನೆಗೆ ತಂದೆವು. ಆದರೆ ಮೊದಲ ಸಲ ತಂದಿದ್ದು ಸರಿಯಾಗಲಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಪೇಟೆಯಿಂದ ಎರಡು ಮರಿಗಳನ್ನ ರಟ್ಟಿನ ಡಬ್ಬಿಯಲ್ಲಿ ಹಾಕಿಸಿಕೊಂಡು, ಸ್ಕೂಟರ್ ಸೀಟಿನ ಕೆಳಗಿನ ಡಿಕ್ಕಿಯಲ್ಲಿಟ್ಟು ಬಂದೆ. ಮನೆಗೆ ಬಂದು ತೆಗೆದಾಗ ಒಂದು ಸತ್ತೇ ಹೋಗಿತ್ತು. ಸಸಿಗಳನ್ನಾದರೆ ನೆರಳು ಮಾಡಿ, ಬೇರು ಒಣಗದಂತೆ ಗೋಣಿ ಸುತ್ತಿ ತರುತ್ತೇನೆ. ಜೀವ ಇರೋ ಇಲಿಗೆ ಅಷ್ಟೂ ಯೋಚನೆ ಮಾಡಿರಲಿಲ್ಲ. ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಓದಿ, ಪಶುವೈದ್ಯರನ್ನ ಕೇಳಿ ತಿಳಿದುಕೊಂಡಿದ್ದನ್ನ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆ ಮಕ್ಕಳೂ ಒಂದಲ್ಲ ಒಂದು ದಿನ ಕೇಳಬಹುದು.

ತರುವ ಮೊದಲೇ ಗೂಡು ಸಿದ್ಧವಿರಲಿ

ಇಲಿ ತಂದ ಮೇಲೆ ಪಂಜರ ಹುಡುಕಬೇಡಿ. ಕಂಬಿಗಳ ನಡುವೆ 6 ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು. ಪೆನ್ಸಿಲ್ ದಪ್ಪದ ಸಂದಿಯಲ್ಲೂ ಮರಿ ನುಸುಳುತ್ತದೆ. ಕೆಳಗೆ ಹಾಸಲು ಅಚ್ಚಿಲ್ಲದ ಕಾಗದದ ಚೂರು ಒಳ್ಳೆಯದು. ಪೈನ್, ಸೀಡರ್ ಮರದ ಹೊಟ್ಟು ಬೇಡ, ಅದರ ವಾಸನೆ ಇಲಿಯ ಉಸಿರಾಟಕ್ಕೆ ತೊಂದರೆ ಮಾಡುತ್ತದೆ. ನಮ್ಮಲ್ಲಿ ಹುಲ್ಲು ಇದ್ದೇ ಇದೆಯಲ್ಲ ಅಂತ ಬಣವೆಯಿಂದ ಹಿರಿದು ಹಾಕಬೇಡಿ. ಅದರ ಮೇಲೆ ಕಾಡಿಲಿಗಳು ಓಡಾಡಿ ಉಚ್ಚೆ ಹೊಯ್ದಿರುತ್ತವೆ. ಇಲಿ ಜ್ವರ ಹರಡೋದು ಆ ಉಚ್ಚೆಯಿಂದಲೇ. ಸಾಕಿದ ಇಲಿಗೆ ಬಂದರೆ ಮಗುವಿನ ಕೈಗೂ ಬಂತು ಅಂತಲೇ ಲೆಕ್ಕ.

ಯಾವುದನ್ನ ಆರಿಸಬೇಕು?

ಇಲಿ ಗುಂಪಿನ ಪ್ರಾಣಿ, ಒಂಟಿಯಾಗಿ ಸೊರಗುತ್ತದೆ. ಎರಡು ಹೆಣ್ಣು ತನ್ನಿ. ಎರಡು ಗಂಡಾದರೆ ಕಚ್ಚಾಡುತ್ತವೆ. ಒಂದು ಗಂಡು ಒಂದು ಹೆಣ್ಣು ತಂದಿರೋ, ಮುಗೀತು. ಗರ್ಭ ಕೇವಲ 19ರಿಂದ 21 ದಿನ, ಒಂದು ಸೂಲಿಗೆ ಆರೆಂಟು ಮರಿ. ಅಂಗಡಿಯಲ್ಲಿ ಗಂಡು ಹೆಣ್ಣು ಒಟ್ಟಿಗೆ ಇಟ್ಟಿದ್ದರೆ ಬಸುರಿ ಇಲಿಯೇ ಸಿಗಬಹುದು, ಮೊದಲೇ ಕೇಳಿ. ಕಣ್ಣು ಹೊಳೀತಿರಬೇಕು, ಮೈಕೂದಲು ನುಣುಪಾಗಿರಬೇಕು. ಉಸಿರಾಡುವಾಗ ಕಟಕಟ ಸದ್ದು ಬಂದರೆ ಆ ಇಲಿ ಬೇಡ.

ದಾರಿಯಲ್ಲಿ

ನಾನು ತಪ್ಪಿದ್ದು ಇಲ್ಲೇ. ಇಲಿಗೆ ನಮ್ಮ ಹಾಗೆ ಬೆವರು ಬಂದು ಮೈ ತಂಪಾಗುವುದಿಲ್ಲ. 20-30 ಗ್ರಾಂ ತೂಗುವ ಪುಟ್ಟ ದೇಹ ಮುಚ್ಚಿದ ಡಿಕ್ಕಿಯ ಕಾವು ತಡೆಯೋದಿಲ್ಲ. ಎರಡನೇ ಸಲ ಬೆಳಗ್ಗೆ ಏಳಕ್ಕೇ ಹೊರಟೆವು. ರಟ್ಟನ್ನ ಇಲಿ ಕಡಿದು ಹೊರಬರುತ್ತದೆ, ಹಾಗಾಗಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯ ನಾಲ್ಕೂ ಕಡೆ ಸಣ್ಣ ತೂತು ಕೊರೆದೆವು. ಒಳಗೆ ಕಾಗದದ ಚೂರಿನ ಜೊತೆ ಅಂಗಡಿಯ ಪಂಜರದಲ್ಲಿದ್ದ ಹಳೆ ಹಾಸನ್ನೂ ಒಂದು ಹಿಡಿ ಕೇಳಿ ಹಾಕಿಸಿಕೊಂಡೆ. ತನ್ನದೇ ವಾಸನೆ ಇದ್ದರೆ ಇಲಿಗೆ ಗಾಬರಿ ಕಡಿಮೆ. ನೀರಿನ ಬಟ್ಟಲು ಇಟ್ಟರೆ ಚೆಲ್ಲಿ ಮೈ ಒದ್ದೆಯಾಗುತ್ತದೆ, ಬದಲಿಗೆ ಒಂದು ಚೂರು ಸೌತೆಕಾಯಿ ಸಾಕು. ಡಬ್ಬಿಯ ಮೇಲೆ ತೆಳು ಬಟ್ಟೆ ಹೊದಿಸಿ ಬಸ್ಸಿನಲ್ಲಿ ಮಗಳ ತೊಡೆ ಮೇಲಿಟ್ಟುಕೊಂಡು ಬಂದೆವು. ಊರು ಬರೋವರೆಗೂ ಅವಳು ಒಂದು ಸಲವೂ ಮುಚ್ಚಳ ತೆಗೆಯಲಿಲ್ಲ!

ಮನೆಗೆ ಬಂದ ಮೇಲೆ

ಮೊದಲ ಎರಡು ಮೂರು ದಿನ ಕೈಗೆ ತೆಗೆದುಕೊಳ್ಳಬೇಡಿ. ಬಿಸಿಲು, ನೇರ ಗಾಳಿ, ಟಿವಿ, ಮಿಕ್ಸಿ ಇವುಗಳಿಂದ ದೂರ ಇಡಿ. ನಮಗೆ ಕೇಳಿಸದ ಸೂಕ್ಷ್ಮ ಸದ್ದೂ ಇಲಿಗೆ ಕೇಳಿಸುತ್ತದೆ. ಇಲಿ ಓಡಿಸುವ ವಿದ್ಯುತ್ ಯಂತ್ರ ಹಾಕಿದ್ದರೆ ಮೊದಲು ಆರಿಸಿ. ಬೆಕ್ಕಿದ್ದರೆ ಆ ಕೋಣೆಗೆ ಬರದಂತೆ ಬಾಗಿಲು ಹಾಕಿ. ಆಮೇಲೆ ನಿಧಾನವಾಗಿ ಅಂಗೈ ಚಾಚಿ ಅದೇ ಹತ್ತಲಿ ಅಂತ ಕಾಯಿರಿ. ಬಾಲದ ತುದಿ ಹಿಡಿದು ಎತ್ತಬಾರದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯೋದನ್ನ ಮಕ್ಕಳಿಗೆ ರೂಢಿ ಮಾಡಿಸಿ.

ಕೃಷಿಕರ ಮನೆಯಲ್ಲಿ ಇದು ಮುಖ್ಯ

ಜಿಂಕ್ ಫಾಸ್ಫೈಡ್ ಬೆರೆಸಿದ ಅಕ್ಕಿ, ಬ್ರೋಮಾಡಿಯೋಲೋನ್ ಬಿಲ್ಲೆ, ಅಂಟಿನ ಹಲಗೆ ಇವೆಲ್ಲ ಮನೆಯೊಳಗೆ ಇದ್ದರೆ ತೆಗೆದುಬಿಡಿ. ಪಂಜರದಿಂದ ತಪ್ಪಿಸಿಕೊಂಡ ಇಲಿಗೆ ತನ್ನದು, ಬೇರೆಯವರದು ಅನ್ನೋ ಭೇದ ಗೊತ್ತಿಲ್ಲ. ಕಾಳಿಗೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುವ ಕೋಣೆಯಂತೂ ಇಲಿಗಿರಲಿ, ಮನುಷ್ಯರು ಮಲಗೋದಕ್ಕೂ ಯೋಗ್ಯವಲ್ಲ. ಅದರ ಅನಿಲ ಪ್ರಾಣ ತೆಗೆಯುತ್ತದೆ. ಬಿಳಿ ಇಲಿಗೋಸ್ಕರ ಮನೆ ಹುಡುಕಿದಾಗ ಅಟ್ಟದ ಮೂಲೆಯಲ್ಲಿ ಹಳೆ ಪಾಷಾಣದ ಪೊಟ್ಟಣವೊಂದು ಸಿಕ್ಕಿತು. ಮಗಳ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇತ್ತು. ಅದನ್ನ ನೋಡಿ ಮೈ ಜುಮ್ಮೆಂದಿತು. ಈಗ ಅಂಥವೆಲ್ಲ ತೋಟದ ಶೆಡ್ಡಿನ ಪೆಟ್ಟಿಗೆಯಲ್ಲಿ, ಬೀಗದ ಒಳಗೆ.

ಸಾಕಲು ಆಗೋದಿಲ್ಲ ಅನ್ನಿಸಿದರೆ ಹೊಲಕ್ಕೆ ಬಿಡಬೇಡಿ. ಪಂಜರದಲ್ಲಿ ಬೆಳೆದ ಬಿಳಿ ಇಲಿಗೆ ಹೊರಗೆ ಬದುಕೋ ಅಭ್ಯಾಸವಿಲ್ಲ, ಮೈಬಣ್ಣ ದೂರಕ್ಕೇ ಕಾಣುತ್ತದೆ. ನೋಡಿಕೊಳ್ಳುವವರಿಗೇ ಕೊಡಿ. ಇವುಗಳ ಆಯಸ್ಸು ಸುಮಾರು ಎರಡು ವರ್ಷ, ಇದನ್ನೂ ಮಕ್ಕಳಿಗೆ ಮೊದಲೇ ಹೇಳಿಬಿಡಿ.

ನಮ್ಮವು ಬಂದು ಏಳು ತಿಂಗಳಾಯಿತು. ನಕ್ಕಿದ್ದ ಅತ್ತೆಯೇ ಈಗ ಸಂಜೆ ಬಟ್ಟಲಿಗೆ ಒಂದು ಚಿಟಿಕೆ ರಾಗಿ ಹಾಕುತ್ತಾರೆ. ತೋಟದ ಕೋಲಿನ ಮೇಲೆ ಗೂಬೆಯೂ ಬಂದು ಕೂರುತ್ತಿದೆ, ಎರಡೂ ನಡೀತಿವೆ.